ಹೊಸ್ತಿಲು ದಾಟಿದವರು

ಹೊಸ್ತಿಲಿಗೆ ನಮ್ಮ ಕಡೆಯ ಮನೆಗಳಲ್ಲಿರುವ ಮರ್ಯಾದೆಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಯಾವ ಹಳ್ಳಿಗೆ ಹೋದರೂ ಬೆಳಗಾಗುತ್ತಲೆ ಮೊದಲು ನೀರು ಕಾಣುವದು ಹೊಸ್ತಿಲು. ಅರಿಸಿನ ಕುಂಕುಮಗಳು ಏರುವದು ಅದಕ್ಕೆ. ರಂಗವಲ್ಲಿಯ ಎಳೆ ಹರಿಯುವದು ಅದರ ಮುಂದೆ. ಅದರ ಮೇಲೆ ಕೂಡ್ರಬಾರದು. ಒಳಗೊಬ್ಬರು ಹೊರಗೊಬ್ಬರು ನಿಂತು ಏನನ್ನೂ ಕೊಡಬಾರದು, ಕೊಳ್ಳಬಾರದು. ಹೊಸ ಸೊಸೆಯು ಮನೆ ತುಂಬುವದು ಅದನ್ನು ದಾಟಿ. ಹಿರಿಯರು ಕೊನೆಯ ಸಾರೆ ಹೊರಬೀಳುವದೂ ಅದನ್ನು ದಾಟಿಯೆ. ಈ ಎರಡಲ್ಲದೆ ಮೂರನೆಯದೊಂದು ದಾಟುವಿಕೆಯೂ ನಮ್ಮ ಸೀಮೆಯಲ್ಲಿ ಉಂಟು. ಬೆಳೆದ ಮಗನು ಸಂಸಾರ ಬೇಡವೆಂದು ತ್ಯಾಗಿಯಾಗಿ ಹೊರಟುಹೋಗುವದೇ ಅದು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಈ ಹಳ್ಳಿಗಳಿಂದ ಹಾಗೆ ಹೊರಟು ಹೋದವರ ಲೆಕ್ಕವು ಚಿಕ್ಕದಲ್ಲ.

ಕಳೆದ ಮಳೆಗಾಲದಲ್ಲಿ ಕಾಲುನೋವಿನಿಂದ ಮನೆಯಲ್ಲಿಯೆ ಕುಳಿತಿರಬೇಕಾಗಿ ಬಂದಾಗ, ಐರ್ಲಂಡ ದೇಶದ ಪುರಾತನ ಕ್ರೈಸ್ತ ಸಂತರ ಚರಿತ್ರೆಗಳು ನನ್ನ ಕೈಗೆ ಸಿಕ್ಕವು. ಹೊತ್ತು ಕಳೆಯಲೆಂದು ಹಿಡಿದ ಪುಸ್ತಕಗಳು ಅವು. ಆದರೆ ಓದುತ್ತ ಹೋದಂತೆ ನನಗೆ ಅಟ್ಲಾಂಟಿಕ್ ಸಮುದ್ರದ ಬದಲು ಕೃಷ್ಣೆಯ ದಂಡೆಯೆ ಕಣ್ಣ ಮುಂದೆ ಬರತೊಡಗಿತು. ಅದೇಕೆಂಬುದನ್ನು ಹೇಳಲು ಈ ಬರೆಹ.

ಐರ್ಲಂಡವು ಯುರೋಪಖಂಡದ ಪಶ್ಚಿಮದ ಕೊನೆಯಲ್ಲಿ ಮಹಾಸಾಗರಕ್ಕೆ ಎದೆಯೊಡ್ಡಿ ನಿಂತ ದ್ವೀಪ. ರೋಮ ಸಾಮ್ರಾಜ್ಯವು ಅದನ್ನೆಂದೂ ಗೆದ್ದು ಆಳಲಿಲ್ಲ. ಆರನೆಯ ಶತಮಾನದಲ್ಲಿ ಅಲ್ಲಿ ಪಟ್ಟಣಗಳೆಂಬವೇ ಇರಲಿಲ್ಲ. ದನಗಳೇ ಸಂಪತ್ತು, ಸಣ್ಣಸಣ್ಣ ನಾಡಿಗೆ ಒಬ್ಬೊಬ್ಬ ಅರಸ, ಮನುಷ್ಯನನ್ನು ಕಾಯುವ ಕೋಟೆಯೆಂದರೆ ಅವನ ಕುಲವೊಂದೇ. ತನ್ನ ನಾಡಿನ ಎಲ್ಲೆ ದಾಟಿದವನಿಗೆ ಬೆನ್ನ ಹಿಂದೆ ಯಾರೂ ಇಲ್ಲ. ನಮ್ಮಲ್ಲಿ ಇಮ್ಮಡಿ ಪುಲಿಕೇಶಿಯು ಬಾದಾಮಿಯಿಂದ ಆಳುತ್ತ, ರವಿಕೀರ್ತಿಯು ೬೩೪ರಲ್ಲಿ ಐಹೊಳೆಯ ಜಿನಾಲಯದ ಶಾಸನವನ್ನು ರಚಿಸಿದ ಕಾಲದ ಆಚೀಚೆಗೆ, ಆ ದ್ವೀಪದ ತುಂಬ ಮಠಗಳು ಹಬ್ಬಿದ್ದವು. ಕುಲವೇ ಸರ್ವಸ್ವವಾದ ನಾಡಿನಲ್ಲಿ ವಿರಕ್ತನಾದವನು ಮನೆಯನ್ನಷ್ಟೆ ಬಿಟ್ಟರೆ ಸಾಲದು, ನಾಡನ್ನೇ ಬಿಡಬೇಕೆಂಬ ಭಾವನೆಯು ಬಲವಾಗಿ ಬೆಳೆಯಿತು. ೭೦೦ರ ಸುಮಾರಿಗೆ ಐರಿಶ್ ಭಾಷೆಯಲ್ಲಿ ಬರೆದ ಒಂದು ಧರ್ಮೋಪದೇಶದಲ್ಲಿ, ದೇವರ ಸಲುವಾಗಿ ಪ್ರಾಣ ಕೊಡುವದಕ್ಕೆ ಕೆಂಪು ಬಲಿಯೆಂದೂ, ತಾನು ಪ್ರೀತಿಸಿದ ಎಲ್ಲವನ್ನೂ ಬಿಟ್ಟು ಹೋಗುವದಕ್ಕೆ ಬಿಳಿಯ ಬಲಿಯೆಂದೂ ಹೆಸರಿಟ್ಟಿದ್ದಾರೆ. ಕೆಲವರು ಸ್ಕೆಲಿಗ್ ಮೈಕೆಲ್ ಎಂಬ ಸಮುದ್ರದ ನಡುವಿನ ಕಡಿದಾದ ಬಂಡೆಯನ್ನೇರಿ, ಆರುನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲುಗಳನ್ನು ಮಾಡಿ, ಗಚ್ಚಿಲ್ಲದೆ ಬರಿಯ ಕಲ್ಲು ಹೊಂದಿಸಿ ಜೇನುಗೂಡಿನಾಕಾರದ ಗುಡಿಸಲು ಕಟ್ಟಿಕೊಂಡರು. ಆ ಗುಡಿಸಲುಗಳು ಇಂದಿಗೂ ನಿಂತಿವೆ.

ಇವರಲ್ಲಿ ಕೊಲಂಬಾನಸನೆಂಬವನು ಯುರೋಪಿನಲ್ಲೆಲ್ಲ ಹೆಸರಾದವನು. ಫ್ರಾನ್ಸ ದೇಶದ ಲಕ್ಸೈ ಮತ್ತು ಇಟಲಿಯ ಬಾಬಿಯೋ ಮಠಗಳನ್ನು ಕಟ್ಟಿ ೬೧೫ರಲ್ಲಿ ಬಾಬಿಯೋದಲ್ಲಿಯೆ ತೀರಿಕೊಂಡನು. ಅವನು ತರುಣನಿದ್ದಾಗ ಮನೆ ಬಿಟ್ಟು ಹೊರಡಲು, ತಾಯಿಯು ಅಳುತ್ತ ಬಂದು ಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಬಿದ್ದಳಂತೆ. ಮಗನು ಹೊಸ್ತಿಲನ್ನೂ ತಾಯಿಯನ್ನೂ ಒಮ್ಮೆಲೆ ಹಾರಿ ದಾಟಿದನು. ಈ ಜನ್ಮದಲ್ಲಿ ಇನ್ನು ನನ್ನನ್ನು ಕಾಣಲಾರೆ ಎಂದು ಹೇಳಿ ನಡೆದುಬಿಟ್ಟನು. ಈ ಸಂಗತಿಯನ್ನು ಬರೆದವನು ಜೋನಾಸನೆಂಬ ಬಾಬಿಯೋ ಮಠದ ಸನ್ಯಾಸಿ. ಅವನು ಇದನ್ನು ವೈರಾಗ್ಯದ ಪರಾಕಾಷ್ಠೆಯೆಂದೇ ತಿಳಿದು ಬರೆದಿದ್ದಾನೆ. ಓದಿ ನನಗೆ ಮಾತ್ರ ಮೈ ಉರಿಯಿತು. ದೊಡ್ಡವರ ನಡತೆಯನ್ನು ತೂಗಲು ನಾವಾರು ಎನ್ನಬಹುದು. ಆದರೂ ಬಿದ್ದ ತಾಯಿಯನ್ನು ಎಬ್ಬಿಸಿ ಕೂಡ್ರಿಸಿ ಹೋಗಿದ್ದರೆ ಪುಣ್ಯಕ್ಕೇನು ಕೊರತೆಯಾಗುತ್ತಿತ್ತು? ಇನ್ನೊಂದು ಮಾತು: ಜೋನಾಸನ ಗ್ರಂಥದಲ್ಲಿ ಆ ತಾಯಿಯ ಹೆಸರು ಸಹ ಇಲ್ಲ.

ಜೋನಾಸನದೇ ಒಂದು ಕಥೆಯಿದೆ; ಅದನ್ನೋದಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಅವನು ಮಠ ಸೇರಿ ಒಂಬತ್ತು ವರ್ಷಗಳಾದ ಮೇಲೆ, ತಾಯಿಯು ಮೇಲಿಂದ ಮೇಲೆ ಹೇಳಿಕಳಿಸಿದ್ದರಿಂದ, ಗುರುಗಳ ಅಪ್ಪಣೆ ಪಡೆದು ಸೂಸಾ ಎಂಬ ತನ್ನೂರಿಗೆ ಹೋದನು. ಮನೆಯಲ್ಲಿ ಕಳೆದ ಮೊದಲನೆಯ ರಾತ್ರಿಯೆ ಉರಿಜ್ವರ ಬಂದು, ತನ್ನನ್ನು ಮಠಕ್ಕೆ ಕಳಿಸಿರೆಂದು ಹಲುಬತೊಡಗಿದನು. ಇಲ್ಲಿ ಸತ್ತ ಮಗನಿಗಾಗಿ ಅಳುವದಕ್ಕಿಂತ ಅಲ್ಲಿ ಬದುಕಿರುವನೆಂದು ಕೇಳುವದೇ ಮೇಲೆಂದು ತಾಯಿಯು ಕಳಿಸಿಕೊಟ್ಟಳು. ಒಂಬತ್ತು ವರ್ಷ ದಾರಿ ನೋಡಿದವಳಿಗೆ ದಕ್ಕಿದ್ದು ಒಂದು ರಾತ್ರಿ. ಬೇರೊಬ್ಬನ ತಾಯಿಯನ್ನು ಎರಡು ಸಾಲಿನಲ್ಲಿ ಮುಗಿಸಿದವನು ತನ್ನ ತಾಯಿಯ ಮಾತನ್ನು ಮರೆಯದೆ ಬರೆದಿಟ್ಟಿದ್ದಾನೆ.

ಬಿಟ್ಟು ಹೋದವರ ಎದೆಯಲ್ಲಿ ಏನೂ ಉಳಿಯುವದಿಲ್ಲವೆಂದು ತಿಳಿಯುವದೂ ತಪ್ಪು. ಕೊಲಂಬಾ ಎಂಬ ಇನ್ನೊಬ್ಬ ಮಹಾಸಂತನು ೫೬೩ರಲ್ಲಿ ಐರ್ಲಂಡವನ್ನು ಬಿಟ್ಟು ಸ್ಕಾಟ್ಲಂಡದ ಪಶ್ಚಿಮಕ್ಕಿರುವ ಅಯೋನಾ ನಡುಗಡ್ಡೆಯಲ್ಲಿ ಮಠ ಕಟ್ಟಿದನು. ೫೯೭ರಲ್ಲಿ ಅಲ್ಲಿಯೆ ದೇಹವಿಟ್ಟನು. ಅವನ ತರುವಾಯ ನೂರು ವರ್ಷಕ್ಕೆ, ಅದೇ ಮಠದ ಒಂಬತ್ತನೆಯ ಅಧಿಪತಿಯಾದ ಆಡಮ್ನಾನನು ಅವನ ಚರಿತ್ರೆಯನ್ನು ಬರೆದನು. ಅದರಲ್ಲಿ ಒಂದು ಕೊಕ್ಕರೆಯ ಪ್ರಸಂಗವಿದೆ. ಕೊಲಂಬಾನು ಒಬ್ಬ ಶಿಷ್ಯನನ್ನು ಕರೆದು, ಮೂರನೆಯ ದಿನ ಮಧ್ಯಾಹ್ನ ಹೊರಳಿದ ಮೇಲೆ ಪಡುವಣ ದಂಡೆಯಲ್ಲಿ ಕಾದಿರು. ಗಾಳಿಗೆ ಸಿಕ್ಕು ದಣಿದ ಕೊಕ್ಕರೆಯೊಂದು ಐರ್ಲಂಡದಿಂದ ಬಂದು ನಿನ್ನ ಮುಂದೆ ಬೀಳುವದು. ಎತ್ತಿಕೊಂಡು ಹತ್ತಿರದ ಮನೆಗೆ ಒಯ್ದು ಮೂರು ದಿನ ಮೂರು ರಾತ್ರಿ ಉಣಿಸು ಎಂದನು. ಏಕೆಂದರೆ ಆ ಹಕ್ಕಿಯು ತಾನು ಹುಟ್ಟಿದ ಸೀಮೆಯದು. ಶಿಷ್ಯನು ಹಾಗೆಯೆ ಮಾಡಿದನು. ಕೊಕ್ಕರೆಯು ಚೇತರಿಸಿಕೊಂಡು ತನ್ನ ನಾಡಿಗೆ ಹಾರಿಹೋಯಿತು. ಇದು ಪವಾಡವೋ ಅಲ್ಲವೋ, ನಾನು ಆ ಚರ್ಚೆಗೆ ಹೋಗುವದಿಲ್ಲ. ತವರಿನ ಕಡೆಯ ಕಾಗೆ ಬಂದರೂ ಕೂಳು ಹಾಕುವ ಹೆಣ್ಣುಮಕ್ಕಳಿರುವ ನಾಡಿನಲ್ಲಿ ಈ ಕಥೆಗೆ ವ್ಯಾಖ್ಯಾನ ಬೇಡ.

ಇನ್ನು ನಮ್ಮ ಕಡೆಗೆ ಬರೋಣ. ವೇದಗಂಗೆ ದೂಧಗಂಗೆಗಳು ಕೂಡುವ ಕಡೆಗಿರುವ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಸಾತಗೌಡರೆಂಬ ಮಗ. ಹುಟ್ಟಿದ್ದು ೧೮೭೨ರಲ್ಲಿ, ಹತ್ತಿರದ ಯಳಗುಳದಲ್ಲಿ, ತಾಯಿಯ ತವರಿನಲ್ಲಿ. ತಂದೆ ಭೀಮಗೌಡರು, ತಾಯಿ ಸತ್ಯವತಿ. ಈ ಸೀಮೆಯ ಜೈನರು ಬಹುಮಟ್ಟಿಗೆ ಒಕ್ಕಲಿಗರೆಂಬುದನ್ನು ದೂರದ ವಾಚಕರು ನೆನಪಿನಲ್ಲಿಡಬೇಕು. ಮುನಿಗಳು ಹುಟ್ಟಿ ಬಂದದ್ದು ಅಂಗಡಿಯ ಗಾದಿಯಿಂದಲ್ಲ, ನೇಗಿಲ ಹಿಂದಿನಿಂದ. ಆಗಿನ ರೂಢಿಯ ಮೇರೆಗೆ ಸಾತಗೌಡರಿಗೆ ಒಂಬತ್ತನೆಯ ವಯಸ್ಸಿಗೆ ಮದುವೆಯಾಯಿತು. ಕೆಲವೇ ತಿಂಗಳಲ್ಲಿ ಆ ಹುಡುಗಿ ತೀರಿಕೊಂಡಳು. ಮತ್ತೆ ಅವರು ಮದುವೆಗೆ ಒಪ್ಪಲಿಲ್ಲ. ಹದಿನೆಂಟರ ಹೊತ್ತಿಗೆ ದೀಕ್ಷೆಯ ಹಂಬಲ ಹುಟ್ಟಿತು. ತಂದೆಯು, ನಾವಿರುವವರೆಗೆ ಮನೆಯಲ್ಲಿಯೆ ಇದ್ದು ಧರ್ಮಸಾಧನೆ ಮಾಡು ಎಂದರು. ಮಗನು ಉಳಿದರು. ಒಂದೆರಡು ವರ್ಷವಲ್ಲ, ಇಪ್ಪತ್ತು ವರ್ಷಕ್ಕೆ ಮೇಲೆ! ಹೊಲಕ್ಕೆ ಹೋದರು, ಬಂದ ತ್ಯಾಗಿಗಳ ಸೇವೆ ಮಾಡಿದರು. ಆದಿಸಾಗರರೆಂಬ ಮುನಿಗಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರೆಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ತಂದೆ ತಾಯಿಗಳಿಬ್ಬರೂ ತೀರಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಮೊದಲು ಕ್ಷುಲ್ಲಕ ದೀಕ್ಷೆ. ೧೯೨೦ರಲ್ಲಿ ಯರನಾಳದಲ್ಲಿ ದಿಗಂಬರ ಮುನಿದೀಕ್ಷೆ. ಅವರೇ ಆಚಾರ್ಯ ಶಾಂತಿಸಾಗರರು.

ಉತ್ತರ ಹಿಂದುಸ್ತಾನದ ಎಷ್ಟೋ ಕಡೆಗೆ ತಲೆಮಾರುಗಳಿಂದ ದಿಗಂಬರ ಮುನಿಗಳ ವಿಹಾರವೇ ನಿಂತುಹೋಗಿತ್ತು. ಶಾಂತಿಸಾಗರರು ೧೯೨೪ರಲ್ಲಿ ಸಮಡೊಳಿಯಲ್ಲಿ ಆಚಾರ್ಯರಾಗಿ, ೧೯೨೭ರಲ್ಲಿ ಸಂಘದೊಡನೆ ಸಮ್ಮೇದ ಶಿಖರಜಿಗೆ ಕಾಲ್ನಡೆಯಿಂದ ಹೊರಟು, ಮುಂದೆ ದಿಲ್ಲಿಯವರೆಗೆ ನಡೆದು ಆ ದಾರಿಯನ್ನು ಮತ್ತೆ ತೆರೆದರು. ಕೊನೆಗೆ ಕಣ್ಣು ಮಂದವಾಗಿ, ನಡೆಯುವ ನೆಲದ ಮೇಲಿನ ಹುಳಹುಪ್ಪಟೆಗಳು ಕಾಣದಂತಾದಾಗ, ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ, ಮೂವತ್ತಾರು ದಿನಗಳ ತರುವಾಯ ೧೯೫೫ರ ಸಪ್ಟಂಬರ ೧೮ರಂದು ದೇಹ ಬಿಟ್ಟರು. ಆ ಕೊನೆಯ ದಿನಗಳ ಕೀರ್ತಿ ದೊಡ್ಡದು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವದು ಆ ಇಪ್ಪತ್ತು ವರ್ಷಗಳ ಮೇಲೆ. ಮನಸ್ಸು ಹೊಸ್ತಿಲ ಆಚೆಗಿದ್ದು ಕಾಲು ಈಚೆಗಿದ್ದ ಆ ಕಾಲದಲ್ಲಿ ಸತ್ಯವತಿಯವರು ಮಗನಿಗೆ ರೊಟ್ಟಿ ಬಡಿಸುವಾಗ ಏನೆಂದುಕೊಳ್ಳುತ್ತಿದ್ದರು? ನನ್ನ ಉಸಿರು ನಿಂತ ದಿನವೇ ಇವನಿಗೆ ಬಿಡುಗಡೆಯೆಂದು ತಿಳಿದ ತಾಯಿಯ ಉಸಿರು ಎಷ್ಟು ಭಾರವಾಗಿರಬೇಕು! ಚರಿತ್ರಕಾರರು ದಾಟಿದವನ ಬೆನ್ನು ಹತ್ತಿ ಹೋಗುತ್ತಾರೆ. ಅದು ಅವರ ಕೆಲಸ. ಉಳಿದವರದೂ ಒಂದು ತಪಸ್ಸೆಂಬುದನ್ನು ಮನೆವಾಳ್ತೆಯವರಾದ ನಾವಾದರೂ ಮರೆಯಬಾರದು.

ಎಲ್ಲರೂ ಮನೆ ಬಿಟ್ಟು ದೂರವೇ ಹೋಗಬೇಕೆಂಬುದಿಲ್ಲ. ಅಥಣಿಯ ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳು ಹುಟ್ಟಿದ್ದು ೧೮೩೬ರಲ್ಲಿ, ಅದೇ ತಾಲೂಕಿನ ನದಿ ಇಂಗಳಗಾವಿಯಲ್ಲಿ. ೧೯೨೧ರಲ್ಲಿ ಲಿಂಗೈಕ್ಯರಾಗುವವರೆಗೆ ಅಥಣಿಯ ಹೆಸರಿನೊಡನೆ ಅವರ ಹೆಸರು ಕೂಡಿಯೆ ಹೋಯಿತು. ವೀರಶೈವ ಮಠಗಳ ಮಾತೇ ಬೇರೆ. ಅಲ್ಲಿ ಬಂದವರಿಗೆಲ್ಲ ದಾಸೋಹ ನಡೆಯುವದು, ಒಂದು ಮನೆಯನ್ನು ಬಿಟ್ಟವನು ನೂರು ಮನೆಗಳಿಗೆ ಅಜ್ಜನಾಗುವನು. ನಮ್ಮ ಕಡೆಗೆ ಮಠದ ಸ್ವಾಮಿಗಳನ್ನು ಅಜ್ಜಾರೆಂದೇ ಕರೆಯುವದು ಸುಮ್ಮನೆ ಬಂದ ರೂಢಿಯಲ್ಲ.

ಮನೆಯು ತಾನೆ ಹೊಸ್ತಿಲು ದಾಟಿ ಮಗನ ಹಿಂದೆ ಹೋದ ಉದಾಹರಣೆಯೂ ನಮ್ಮಲ್ಲಿದೆ. ಚಿಕ್ಕೋಡಿಯ ಕಡೆಯ ಸದಲಗಾದ ಅಷ್ಟಗೆ ಮನೆತನದ ವಿದ್ಯಾಧರನೆಂಬ ಹುಡುಗ ೧೯೪೬ರಲ್ಲಿ ಹುಟ್ಟಿದವನು. ಇಪ್ಪತ್ತರ ವಯಸ್ಸಿಗೆ ಮನೆ ಬಿಟ್ಟು ರಾಜಸ್ಥಾನಕ್ಕೆ ಹೋದನು. ೧೯೬೮ರಲ್ಲಿ ಅಜ್ಮೇರದಲ್ಲಿ ಜ್ಞಾನಸಾಗರರಿಂದ ಮುನಿದೀಕ್ಷೆ, ೧೯೭೨ರಲ್ಲಿ ಆಚಾರ್ಯಪದ. ಹೀಗೆ ಆಚಾರ್ಯ ವಿದ್ಯಾಸಾಗರರಾದರು. ಕನ್ನಡ ಮಾತಾಡುತ್ತ ಬೆಳೆದವರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯವನ್ನು ಬರೆದರು. ತಂದೆ ಮಲ್ಲಪ್ಪನವರು ಮುನಿಗಳಾದರು. ತಾಯಿ ಶ್ರೀಮಂತಿಯವರು ಆರ್ಯಿಕೆಯಾದರು. ಇಬ್ಬರು ತಮ್ಮಂದಿರು ಅಣ್ಣನಿಂದಲೆ ದೀಕ್ಷೆ ಪಡೆದರು. ತಂಗಿಯರೂ ತ್ಯಾಗದ ದಾರಿ ಹಿಡಿದರು. ೨೦೨೪ರ ಫೆಬ್ರುವರಿ ೧೮ರಂದು ಡೋಂಗರಗಢದಲ್ಲಿ ವಿದ್ಯಾಸಾಗರರು ಸಮಾಧಿಸ್ಥರಾದ ಬಳಿಕ, ಅವರ ಪಟ್ಟಕ್ಕೆ ಬಂದ ಸಮಯಸಾಗರರು ಆ ತಮ್ಮಂದಿರಲ್ಲಿ ಒಬ್ಬರು. ಅಯೋನಾದಲ್ಲಿಯೂ ಕೊಲಂಬಾನ ತರುವಾಯ ಮಠಾಧಿಪತಿಗಳಾದವರಲ್ಲಿ ಬಹುಜನರು ಅವನ ಕುಲದವರೇ. ಶಾಂತಿಸಾಗರರ ಅಣ್ಣನವರೂ ಮುಂದೆ ವರ್ಧಮಾನಸಾಗರರೆಂಬ ಮುನಿಗಳಾದರು. ಬಿಟ್ಟೆನೆಂದರೂ ನೆತ್ತರು ಬೇರೆ ಹೊಳೆ ಹಿಡಿಯುವದಿಲ್ಲವೆಂದು ತೋರುತ್ತದೆ.

ಇಷ್ಟೆಲ್ಲ ಹೋಲಿಕೆಯಿದ್ದರೂ ಐರ್ಲಂಡದ ಸನ್ಯಾಸಿಗೂ ನಮ್ಮ ಮುನಿಗೂ ಒಂದು ಬಹುದೊಡ್ಡ ಭೇದವುಂಟು. ಗೃಹಿಣಿಯರು ಅದನ್ನು ನನಗಿಂತ ಮೊದಲೆ ಕಂಡಿರಬಹುದು. ಅಲ್ಲಿಯ ಸನ್ಯಾಸಿಗಳು ಹೊಲ ಉತ್ತರು, ಹಸು ಕಟ್ಟಿದರು, ತಮ್ಮ ರೊಟ್ಟಿಯನ್ನು ತಾವೇ ಸುಟ್ಟುಕೊಂಡರು. ಸಾಯುವ ಹಿಂದಿನ ದಿನ ಕೊಲಂಬಾನು ಮಠದ ಕಣಜವನ್ನು ನೋಡಿ, ವರ್ಷಕ್ಕೆ ಸಾಲುವಷ್ಟು ಕಾಳಿದೆಯೆಂದು ಸಂತೋಷಪಟ್ಟನಂತೆ. ಒಂದು ಮನೆ ಬಿಟ್ಟು ಇನ್ನೊಂದು ಮನೆ ಕಟ್ಟಿದ ಹಾಗಾಯಿತು. ದಿಗಂಬರ ಮುನಿಗೆ ಕಣಜವೂ ಇಲ್ಲ, ಒಲೆಯೂ ಇಲ್ಲ. ನವಿಲುಗರಿಯ ಪಿಂಛಿ, ಕಮಂಡಲು, ಶಾಸ್ತ್ರ ಇಷ್ಟೇ ಜೊತೆ. ದಿನಕ್ಕೆ ಒಂದೇ ಸಾರೆ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣಬೇಕು; ಅದೂ ಗೃಹಸ್ಥನು ಭಕ್ತಿಯಿಂದ ಕರೆದರೆ. ಒಮ್ಮೆ ಹೊಸ್ತಿಲು ದಾಟಿ ಹೋದವರು ಜನ್ಮಪರ್ಯಂತ ದಿನಕ್ಕೊಂದು ಹೊಸ್ತಿಲ ಮುಂದೆ ಬಂದು ನಿಲ್ಲಲೇಬೇಕು.

ಮುನಿಗಳು ಊರಿಗೆ ಬಂದರೆಂದರೆ ಮನೆಮನೆಯಲ್ಲಿ ನಸುಕಿನಲ್ಲಿಯೆ ಎದ್ದು ಸ್ನಾನ ಮಾಡಿ, ಮಡಿಯುಟ್ಟು, ಬಾವಿಯ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಕಾಳನ್ನು ಒಂದೊಂದಾಗಿ ಆರಿಸಿ ಬೀಸಿ ಅಡಿಗೆ ಮಾಡುತ್ತಾರೆ. ತುತ್ತಿನಲ್ಲಿ ಕೂದಲೆಳೆಯೊಂದು ಸಿಕ್ಕರೂ ಅಂತರಾಯ. ಮುನಿಗಳು ಕೈ ಬಿಟ್ಟು ನಡೆದರೆ ಮರುದಿನದವರೆಗೆ ಗುಟುಕು ನೀರೂ ಇಲ್ಲ. ಹೊತ್ತಾಗುತ್ತಲೆ ಗಂಡಹೆಂಡಿರು ಬಾಗಿಲ ಮುಂದೆ ಕಲಶವನ್ನೊ ತೆಂಗಿನಕಾಯಿಯನ್ನೊ ಹಿಡಿದು ನಿಂತು, ನಮೋಸ್ತು ನಮೋಸ್ತು, ನಿಲ್ಲಿರಿ ಸ್ವಾಮಿ ಎಂದು ಬಿನ್ನವಿಸುವರು. ಮುನಿಗಳು ಬಲಗೈಯನ್ನು ಹೆಗಲಿಗಿಟ್ಟು ಮೌನವಾಗಿ ಬೀದಿಯಲ್ಲಿ ಬರುವರು. ಇಂಥದು ಕಂಡರೆ ಮಾತ್ರ ನಿಲ್ಲುವೆನೆಂದು ಮನಸ್ಸಿನಲ್ಲಿಯೆ ಮಾಡಿಕೊಂಡ ನಿಯಮವು ಮತ್ತೊಬ್ಬರಿಗೆ ತಿಳಿಯದು. ಯಾರ ಬಾಗಿಲಲ್ಲಿ ನಿಲ್ಲುವರೋ ಅವರ ಭಾಗ್ಯ.

ನನ್ನ ತಾಯಿಯ ತವರು ಅಥಣಿ ತಾಲೂಕಿನ ಒಂದು ಹೊಳೆಸಾಲಿನ ಹಳ್ಳಿ. ತಾಯಿಯ ತಾಯಿಗೆ ನಾವೆಲ್ಲ ಆಯಿ ಎನ್ನುತ್ತಿದ್ದೆವು. ಆಯಿಯ ಕಿರಿಯ ಮಗ, ನನ್ನ ಸೋದರಮಾವ, ಇಪ್ಪತ್ತೈದರ ವಯಸ್ಸಿಗೆ ದೀಕ್ಷೆಗೆ ಹೊರಟರು. ಮನೆಯವರ ಒಪ್ಪಿಗೆ ಕೇಳುವದು ಪದ್ಧತಿ. ಮಾವನು ಕಾಲು ಮುಟ್ಟಿ ಕೇಳಿದಾಗ ಆಯಿ, “ಹೋಗು ಅನ್ನಾಕ ನನ್ನ ಬಾಯಿ ಬರಾಂಗಿಲ್ಲೋ ಯಪ್ಪಾ, ಬ್ಯಾಡ ಅನ್ನಾಕೂ ಬರಾಂಗಿಲ್ಲ,” ಎಂದಷ್ಟೆ ಹೇಳಿ ಒಳಗೆ ಹೋದಳಂತೆ. ಹಾಗೆಂದು ಹೇಳಿದವಳು ನನ್ನ ತಾಯಿ. ಆಯಿಯ ಬಾಯಿಂದ ಆ ದಿನದ ಮಾತು ಎಂದೂ ಬರಲಿಲ್ಲ.

ಹನ್ನೊಂದು ವರ್ಷಗಳ ಮೇಲೆ ಒಂದು ಚಳಿಗಾಲದಲ್ಲಿ ಅವರ ಸಂಘವು ಆ ಊರಿಗೆ ಬಂದಿತು. ನಾನಾಗ ಸಾಲೆಗೆ ಹೋಗುವ ವಯಸ್ಸಿನ ಕೂಸು. ಬಸದಿಯ ಕಟ್ಟೆಯ ಮೇಲೆ ಕುಳಿತವರಲ್ಲಿ ನನ್ನ ಮಾವ ಯಾರೆಂಬುದನ್ನು ಬೇರೆಯವರು ಬೊಟ್ಟು ಮಾಡಿ ತೋರಿಸಬೇಕಾಯಿತು. ಮರುದಿನ ಆಯಿ ಮೂರನೆಯ ಜಾವಕ್ಕೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತಳು. ಸೊಸೆಯಂದಿರಿಗೆ ಕೈ ಹಚ್ಚಗೊಡಲಿಲ್ಲ. ಹೊತ್ತಿಗೆ ಸರಿಯಾಗಿ ಅಜ್ಜನೂ ಆಯಿಯೂ ಬಾಗಿಲ ಮುಂದೆ ನಿಂತರು. ಓಣಿಯ ಎರಡೂ ಬದಿಗೆ ಹತ್ತೆಂಟು ಮನೆಯವರು ನಿಂತಿದ್ದರು. ಮುನಿಗಳು ಬಂದರು. ನಮೋಸ್ತು ಎಂದ ಆಯಿಯ ದನಿ ಎಲ್ಲರ ದನಿಯಲ್ಲಿ ಕೂಡಿಹೋಯಿತು. ನಮ್ಮ ಬಾಗಿಲ ಮುಂದೆ ಅವರ ಹೆಜ್ಜೆ ಹೆಚ್ಚು ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಮುಂದೆ ನಡೆದು ಎದುರು ಸಾಲಿನ ಮನೆಯಲ್ಲಿ, ಆ ವರ್ಷವೇ ಮದುವೆಯಾಗಿ ಬಂದ ಸೊಸೆಯು ಗಂಡನೊಡನೆ ತೆಂಗಿನಕಾಯಿ ಹಿಡಿದು ನಿಂತಿದ್ದಳು, ಅಲ್ಲಿ ನಿಂತರು.

ಅಜ್ಜನು ಕಲಶವನ್ನು ಕೆಳಗಿಟ್ಟು ಕಂಬಕ್ಕೆ ಒರಗಿದನು. ಆಯಿ ಒಂದು ಗಳಿಗೆ ನಿಂತಲ್ಲಿಯೆ ನಿಂತಳು. ಆಮೇಲೆ ತಾನು ಮಾಡಿದ್ದನ್ನು ಒಂದು ಬಟ್ಟಲಲ್ಲಿ ಇಟ್ಟುಕೊಂಡು, ಮಡಿಯಲ್ಲಿಯೆ ಓಣಿ ದಾಟಿ ಎದುರು ಮನೆಗೆ ಹೋದಳು. ಮಡಿಯಲ್ಲಿದ್ದು ಶುದ್ಧ ಆಹಾರ ತಂದವರು ಅಲ್ಲಿಯೂ ಒಂದು ತುತ್ತು ನೀಡಬಹುದು, ಅದಕ್ಕೆ ಅಡ್ಡಿಯಿಲ್ಲ. ನಾನು ಕಿಡಕಿಯ ಸರಳು ಹಿಡಿದು ನೋಡುತ್ತಿದ್ದೆ. ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ಆಯಿ. ಮುನಿಗಳು ಪ್ರತಿಯೊಂದು ತುತ್ತನ್ನೂ ಬೊಗಸೆಯಲ್ಲಿ ಬೆರಳಿನಿಂದ ಬಿಡಿಸಿ ನೋಡಿಯೆ ಉಣ್ಣುವರು. ದಾನಿಯ ಮುಖವನ್ನು ನೋಡುವದಿಲ್ಲ. ಆಯಿಯ ಮುಂಗೈ ತುಂಬ ಹಸಿರು ಹಚ್ಚೆಯಿತ್ತು. ಅವಳ ಮಕ್ಕಳೆಲ್ಲರೂ ಆಡುತ್ತ ಎಣಿಸಿದ ಚುಕ್ಕೆಗಳು ಅವು. ಆ ಕೈ ಬೊಗಸೆಯ ಮೇಲೆ ಬಂದು ತುತ್ತಿಟ್ಟು ಹಿಂದೆ ಸರಿಯಿತು. ಮುನಿಗಳು ತುತ್ತನ್ನು ಬಿಡಿಸಿ ನೋಡಿದರು, ಉಂಡರು. ಬೊಗಸೆಯನ್ನು ಮತ್ತೆ ಮುಂದೆ ಹಿಡಿದಾಗ ಆಯಿ ಇನ್ನೊಂದು ತುತ್ತು ಇಡಬಹುದಾಗಿತ್ತು. ಅವಳು ಬಟ್ಟಲನ್ನು ಆ ಮನೆಯ ಹೊಸ ಸೊಸೆಯ ಕೈಗೆ ಕೊಟ್ಟು, ನೀನು ಹಾಕವ್ವಾ ಎಂದು ಕೈಸನ್ನೆ ಮಾಡಿ ಹಿಂದಕ್ಕೆ ಬಂದುಬಿಟ್ಟಳು.

ಮೂರನೆಯ ದಿನ ಸಂಘವು ಕಾಗವಾಡದ ದಾರಿ ಹಿಡಿಯಿತು. ಊರವರೆಲ್ಲ ಹಳ್ಳದವರೆಗೆ ಕಳಿಸಲು ಹೋದರು, ಅಜ್ಜನೂ ಹೋದನು. ಆಯಿ ಹೋಗಲಿಲ್ಲ. ಬೀಸಿದ ಹಿಟ್ಟು ಮರದ ತುಂಬ ಉಳಿದಿತ್ತು. ಅದನ್ನು ನಾದಿ ನಮಗೆಲ್ಲ ಎಳ್ಳು ಹಚ್ಚಿದ ರೊಟ್ಟಿ ಬಡಿದಳು. ಮೊದಲಿನ ಎರಡು ರೊಟ್ಟಿಗೆ ಬೆಣ್ಣೆ ಹಚ್ಚಿ, ಎದುರು ಮನೆಯ ಸೊಸೆಗೆ ಬಿಸಿಯಿರುವಾಗಲೆ ಕೊಟ್ಟು ಬಾ ಎಂದು ನನ್ನನ್ನು ಅಟ್ಟಿದಳು.